ಹಾಲಿನ ಹಾದಿ ಜೋಡಿಸಿದ ತ್ರಿಭುವನದಾಸ್ ಪಟೇಲರು

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಹಕಾರಿ ಧುರೀಣರೊಬ್ಬರನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುವ ನಮಗೆ ಅಮುಲ್ ಗೊತ್ತು, ಕುರಿಯನ್ ಅವರ ಹೆಸರೂ ಗೊತ್ತು. ಆದರೆ ಊರೂರು ತಿರುಗಿ ಸಂಘ ಕಟ್ಟಿ, ಕುರಿಯನ್ ಅವರನ್ನೂ ಹಿಡಿದು ನಿಲ್ಲಿಸಿದ ತ್ರಿಭುವನದಾಸ್ ಪಟೇಲರ ವಿಷಯ ಬಹಳ ಜನಕ್ಕೆ ತಿಳಿಯದು.

ಪಟೇಲರು 1903ರ ಅಕ್ಟೋಬರ್ 22ರಂದು ಗುಜರಾತಿನ ಖೇಡಾ ಜಿಲ್ಲೆಯ ಆನಂದ್ ಎಂಬಲ್ಲಿ ಜನಿಸಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು 1930ರಲ್ಲಿ ಸೆರೆಮನೆ ಕಂಡರು. ಸರ್ದಾರ್ ವಲ್ಲಭಭಾಯಿ ಪಟೇಲರಿಗೆ ಇವರು ಆಪ್ತರು.

1945ರಲ್ಲಿ ಆನಂದದಿಂದ ಬೊಂಬಾಯಿಗೆ ಹಾಲು ಸಾಗಿಸುವ ಸರ್ಕಾರಿ ಯೋಜನೆ ಬಂತು. ಹಾಲು ಸಂಗ್ರಹದ ಹಕ್ಕು ಪೋಲ್ಸನ್ ಎಂಬ ಖಾಸಗಿ ಡೇರಿಗೆ ಸಿಕ್ಕಿತು. ನಡುವೆ ದಲ್ಲಾಳಿಗಳು. ಅವರು ಹೇಳಿದ್ದೇ ದರ. ಬೇಡ ಅನ್ನೋಣವೆಂದರೆ ಹಾಲು ಸಂಜೆವರೆಗೆ ಕಾಯುವ ಪದಾರ್ಥವಲ್ಲ. ರೈತರು ಸರ್ದಾರರ ಬಳಿ ಹೋದರು. ಸ್ವಂತ ಸಂಘ ಕಟ್ಟಿಕೊಳ್ಳಿ ಅಂತ ಸರ್ದಾರರು ಸಲಹೆ ಕೊಟ್ಟರು. 1946ರ ಜನವರಿ 4ರಂದು ಸಮರಖಾ ಗ್ರಾಮದಲ್ಲಿ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ ಸಭೆ ಸೇರಿತು. ಮುಂದೆ 15 ದಿನ ರೈತರು ದಲ್ಲಾಳಿಗಳಿಗೆ ಹನಿ ಹಾಲು ಕೊಡಲಿಲ್ಲ. ಒಂದೆರಡು ಎಮ್ಮೆ ನಂಬಿದ ಮನೆಗಳಿಗೆ ಇದೇನು ಸಣ್ಣ ಮಾತೇ? ಕೊನೆಗೆ ಸರ್ಕಾರವೇ ಬಗ್ಗಿತು.

ಅದೇ ವರ್ಷ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಹಾಲು ಒಕ್ಕೂಟ ನೋಂದಣಿಯಾಯಿತು. ಪಟೇಲರೇ ಮೊದಲ ಅಧ್ಯಕ್ಷರು. ಆರಂಭದಲ್ಲಿ ಇದ್ದದ್ದು 2 ಗ್ರಾಮ ಸಂಘ, ದಿನಕ್ಕೆ ಸುಮಾರು 250 ಲೀಟರ್ ಹಾಲು. ಊರಿನಿಂದ ಊರಿಗೆ ಹೋಗಿ, ಜಾತಿ ನೋಡದೆ ಒಂದೇ ಸಾಲಿನಲ್ಲಿ ನಿಂತು ಹಾಲು ಹಾಕುವಂತೆ ಜನರನ್ನು ಒಪ್ಪಿಸಿದವರು ಅವರು. ಊರಿಗೊಂದು ಸಂಘ, ಸಂಘಗಳು ಸೇರಿ ಒಕ್ಕೂಟ, ಒಕ್ಕೂಟದಿಂದ ಬೊಂಬಾಯಿ ಪೇಟೆ. ಹೀಗೆ ಒಂದಕ್ಕೊಂದು ಕೊಂಡಿ ಬೆಸೆದರು.

ಆದರೆ ಚಳಿಗಾಲ ಬಂದರೆ ಕಷ್ಟ. ಆಗ ಎಮ್ಮೆಗಳ ಹಾಲು ಬೇಸಿಗೆಯ ಎರಡು ಪಟ್ಟಿಗೂ ಮೀರುತ್ತಿತ್ತು. ಬೊಂಬಾಯಿಯವರು ಅಷ್ಟನ್ನೂ ತೆಗೆದುಕೊಳ್ಳಲಾರರು. ಸಂಘ ಹಾಲು ವಾಪಸು ಮಾಡಿದರೆ ಸದಸ್ಯ ಮತ್ತೆ ದಲ್ಲಾಳಿ ಮನೆ ಬಾಗಿಲಿಗೇ ಹೋಗುತ್ತಾನೆ. ಹೆಚ್ಚಾದ ಹಾಲನ್ನು ಪುಡಿ ಮಾಡೋಣವೆಂದರೆ ಎಮ್ಮೆ ಹಾಲಿನ ಪುಡಿ ಆಗದು ಎಂಬುದು ಪರದೇಶದ ತಜ್ಞರ ಅಭಿಪ್ರಾಯ. 1949ರಲ್ಲಿ ಸರ್ಕಾರಿ ನೌಕರಿ ಬಿಟ್ಟು ಹೊರಟಿದ್ದ ವರ್ಗೀಸ್ ಕುರಿಯನ್ ಅವರನ್ನು ಪಟೇಲರು ಆನಂದದಲ್ಲೇ ಉಳಿಸಿಕೊಂಡಿದ್ದರು. ಕುರಿಯನ್ ತಮ್ಮ ಗೆಳೆಯ ದಲಾಯ ಅವರನ್ನು ಕರೆತಂದರು. ದಲಾಯ ಎಮ್ಮೆ ಹಾಲಿನ ಪುಡಿ ಮಾಡಿಯೇ ತೋರಿಸಿದರು. ಯುನಿಸೆಫ್ ಮತ್ತು ನ್ಯೂಜಿಲೆಂಡಿನ ನೆರವು ದೊರೆತು, 1955ರ ಅಕ್ಟೋಬರ್ 31ರಂದು ನೆಹರೂರವರಿಂದ ಹೊಸ ಡೇರಿಯ ಉದ್ಘಾಟನೆ ನೆರವೇರಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಸಿಕ್ಕಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಿಂದ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಇಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಈ ಹೊಸ ಪದಾರ್ಥಗಳು ಯಾರೋ ಒಬ್ಬರ ತಲೆಯಲ್ಲಿ ಹುಟ್ಟಿದ್ದಲ್ಲ. ಹಳ್ಳಿಯ ರೈತನ ಕಷ್ಟ ಸಂಘಕ್ಕೆ, ಸಂಘದಿಂದ ಒಕ್ಕೂಟಕ್ಕೆ, ಅಲ್ಲಿಂದ ವಿಜ್ಞಾನಿಗಳಿಗೆ ಮುಟ್ಟಿತು. ಪುಡಿಯಾಗಿ ಪೇಟೆಗೆ ಹೋದದ್ದು ದುಡ್ಡಾಗಿ ಅದೇ ದಾರಿಯಲ್ಲಿ ಹಳ್ಳಿಗೆ ಬಂತು. ಒಂದು ಕೊಂಡಿ ಕಳಚಿದ್ದರೂ ಡೇರಿ ನಿಲ್ಲುತ್ತಿರಲಿಲ್ಲ.

1963ರಲ್ಲಿ ಪಟೇಲರಿಗೆ ಕುರಿಯನ್ ಮತ್ತು ದಾರಾ ಖುರೋಡಿಯವರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಧ್ಯಕ್ಷಗಿರಿಯಿಂದ ನಿವೃತ್ತರಾದಾಗ ಸದಸ್ಯರು ತಲಾ ಒಂದು ರೂಪಾಯಿ ಕೂಡಿಸಿ ನಿಧಿ ಅರ್ಪಿಸಿದರು. ಅದನ್ನೂ ಅವರು ಮನೆಗೆ ಒಯ್ಯದೆ ಹಳ್ಳಿಯ ತಾಯಿ ಮಕ್ಕಳ ಆರೋಗ್ಯಕ್ಕಾಗಿ ಪ್ರತಿಷ್ಠಾನ ಸ್ಥಾಪಿಸಿದರು. 1994ರ ಜೂನ್ 3ರಂದು ನಿಧನರಾದರು.

1974ರ ನಂತರ ಕರ್ನಾಟಕದ ಹಳ್ಳಿಗಳಲ್ಲೂ ಸಂಘಗಳು ಎದ್ದದ್ದು ಇದೇ ಆನಂದ್ ಮಾದರಿಯಲ್ಲಿ. ನಮ್ಮ ಸಂಘವೂ ಅದೇ ಸರಪಳಿಯ ಒಂದು ಕೊಂಡಿ. ಲೀಟರಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಹೊರಗೆ ಹಾಲು ಹಾಕಿದರೆ, ಕ್ಯಾನಿಗೆ ನೀರು ಬೆರೆಸಿದರೆ, ಲೆಕ್ಕ ಮುಚ್ಚಿಟ್ಟರೆ, ಕಳಚುವುದು ನಮ್ಮದೇ ಕೊಂಡಿ. ಇದನ್ನು ಸದಸ್ಯರೂ ಆಡಳಿತ ಮಂಡಳಿಯವರೂ ಮರೆಯದೆ ನಡೆದು, ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲೆಂದು ಹಾರೈಸುತ್ತೇವೆ.