ಏರಿ ಒಡೆದಾಗ ರಾಯ ಏನು ಮಾಡಿದ?

ಕೃಷ್ಣದೇವರಾಯ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಮೂರು ವಿಷಯ. ಬೀದಿಯಲ್ಲಿ ಮುತ್ತು ರತ್ನ ಅಳೆದು ಮಾರಿದ ಕಥೆ, ತೆನಾಲಿ ರಾಮಕೃಷ್ಣನ ತಮಾಷೆ, ಆಮೇಲೆ 1970ರ ಸಿನಿಮಾದಲ್ಲಿ ಕಿರೀಟ ಇಟ್ಟುಕೊಂಡ ರಾಜ್‌ಕುಮಾರ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇವುಗಳ ಜೊತೆ ಒಂದು ಪ್ಯಾರಾ ಹಿಸ್ಟರಿ, ಅದರ ತುಂಬಾ ಯುದ್ಧಗಳ ಇಸವಿ. ಈ ಸಂಚಿಕೆಗೆ ನಾವು ಬೇರೆ ಒಬ್ಬ ರಾಯನ ಬಗ್ಗೆ ಬರೀತಿದ್ದೀವಿ. ಹೊಸಪೇಟೆ ಹತ್ತಿರ ಎರಡು ಗುಡ್ಡಗಳ ನಡುವೆ ಕೆರೆ ಕಟ್ಟಿಸೋಕೆ ಹೋಗಿ, ಏರಿ ಮತ್ತೆ ಮತ್ತೆ ಒಡೆದಾಗ ತಲೆ ಮೇಲೆ ಕೈ ಹೊತ್ತು ಕೂತ ರಾಯ. ಮೊದಲ ವರ್ಷ ನಾವೆಲ್ಲ ಇನ್ನೋವೇಶನ್ ಮತ್ತು ಡಿಸೈನ್ ಥಿಂಕಿಂಗ್ ಅಂತ ಒಂದು ಸಬ್ಜೆಕ್ಟ್ ಓದಿದ್ವಲ್ಲ, ಅದರ ಎಲ್ಲಾ ಪ್ರಶ್ನೆಗಳೂ ಈ ಒಂದು ಕೆರೆಯಲ್ಲಿ ಸಿಗುತ್ತವೆ.

ಮೊದಲು ಜಾಗ ನೋಡೋಣ. ಬಳ್ಳಾರಿಯಿಂದ ಹೊಸಪೇಟೆಗೆ ರೈಲಲ್ಲಿ ಹೋದರೆ ತೋರಣಗಲ್ಲಿಗಿಂತ ಮುಂಚೆ ದರೋಜಿ ಬರುತ್ತೆ. ಈಗ ದರೋಜಿ ಅಂದ್ರೆ ಕರಡಿಧಾಮ, 1994ರಲ್ಲಿ ಶುರುವಾದದ್ದು. ಅದಕ್ಕಿಂತ ಎಷ್ಟೋ ಹಳೇದು ದರೋಜಿ ಕೆರೆ. ಸಂಡೂರು ಬೆಟ್ಟಗಳ ನಡುವೆ ಹರಿದು ಭೀಮಗಂಡಿಯಿಂದ ಹೊರಗೆ ಬರೋ ನಾರಿಹಳ್ಳ ಈ ಕೆರೆಗೆ ಸೇರುತ್ತೆ. ಕೆರೆ ಟಿಪ್ಪು ಕಾಲದ್ದು ಅಂತ ಹೇಳ್ತಾರೆ, ಅಂದ್ರೆ ರಾಯನಿಗಿಂತ ಎರಡೂವರೆ ಶತಮಾನ ಈಚಿನದು. ಆದರೂ ಯೋಚನೆ ಅದೇ. ದರೋಜಿಯಿಂದ ಹಂಪಿವರೆಗೂ ನೆಲ ಒಂದೇ ಥರ: ದೊಡ್ಡ ದೊಡ್ಡ ಬಂಡೆ, ಕುರುಚಲು ಕಾಡು, ಕಡಿಮೆ ಮಳೆ. ಬೀಳೋ ಮಳೆಯೂ ಕೆಲವೇ ವಾರಗಳಲ್ಲಿ ಬಿದ್ದು ಹರಿದು ಹೋಗುತ್ತೆ. ಪಕ್ಕದಲ್ಲೇ ತುಂಗಭದ್ರೆ ತುಂಬಿ ಹರೀತಿದ್ರೂ ಹೊಲ ಮೇಲೆ, ನೀರು ಕೆಳಗೆ. ಪಂಪ್ ಇಲ್ಲದ ಕಾಲದಲ್ಲಿ ಇಲ್ಲಿ ಲಕ್ಷಾಂತರ ಜನರ ರಾಜಧಾನಿ ಬದುಕಬೇಕಿತ್ತು. ಪ್ರಾಬ್ಲಂ ಸ್ಟೇಟ್‌ಮೆಂಟ್ ಇಷ್ಟೇ.

ಕೃಷ್ಣದೇವರಾಯ ತುಳುವ ವಂಶದ ನರಸ ನಾಯಕನ ಮಗ, ತಾಯಿ ನಾಗಲಾಂಬೆ. ಅಣ್ಣ ವೀರನರಸಿಂಹ ತೀರಿಕೊಂಡ ಮೇಲೆ 1509ರಲ್ಲಿ ಪಟ್ಟಕ್ಕೆ ಬಂದ. ಅದೂ ಸುಲಭವಾಗಿ ಬಂದದ್ದಲ್ಲ ಅಂತ ಒಂದು ಕಥೆ ಇದೆ. ಸಾಯೋ ಮುಂಚೆ ಅಣ್ಣ ತನ್ನ ಚಿಕ್ಕ ಮಗನಿಗೆ ಪಟ್ಟ ಸಿಗಲಿ ಅಂತ ತಮ್ಮನ ಕಣ್ಣು ಕೀಳಿಸೋಕೆ ಹೇಳಿದನಂತೆ. ಮಂತ್ರಿ ಸಾಳುವ ತಿಮ್ಮರಸು ಮೇಕೆಯ ಕಣ್ಣು ತಂದು ತೋರಿಸಿ ಹುಡುಗನನ್ನ ಉಳಿಸಿದನಂತೆ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಸುಮಾರು 1535ರಲ್ಲಿ ಇದನ್ನ ಬರೆದಿಟ್ಟ. ಕಥೆ ಎಷ್ಟು ನಿಜವೋ, ತಿಮ್ಮರಸುವನ್ನ ರಾಯ ಅಪ್ಪಾಜಿ ಅಂತ ಕರೀತಿದ್ದ ಅನ್ನೋದು ಮಾತ್ರ ಜನರ ಬಾಯಲ್ಲಿ ಇವತ್ತಿಗೂ ಉಳಿದಿದೆ.

ಆಳು ಹೇಗಿದ್ದ? ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಸುಮಾರು 1520ರ ಹೊತ್ತಿಗೆ ಅವನನ್ನ ಕಣ್ಣಾರೆ ನೋಡಿದ್ದ. ಮಧ್ಯಮ ಎತ್ತರ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗೋ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ತಿರುಗಿಸಿ, ಕುಸ್ತಿ ಆಡಿ, ಆಮೇಲೆ ಕುದುರೆ ಓಡಿಸ್ತಿದ್ದನಂತೆ. ನಮ್ಮ ಹಾಸ್ಟೆಲ್ ಜಿಮ್ ಗ್ಯಾಂಗ್ ಇದನ್ನ ಗಮನಿಸಬೇಕು.

ಪಟ್ಟಕ್ಕೆ ಬಂದ ಮೊದಲ ಹತ್ತು ವರ್ಷ ಯುದ್ಧದಲ್ಲೇ ಕಳೀತು. ಉಮ್ಮತ್ತೂರು, ಉದಯಗಿರಿ, ಕೊಂಡವೀಡು, ಕಳಿಂಗ. 1520ರಲ್ಲಿ ರಾಯಚೂರಿನಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾನನ್ನ ಸೋಲಿಸಿದ. ಆ ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುಗಾರರು ಅವನ ಕಡೆ ಇದ್ದರು. ತನ್ನವರಿಗೆ ಬಾರದ ವಿದ್ಯೆಯನ್ನ ಹೊರಗಿನವರಿಂದ ತರಿಸಿಕೊಳ್ಳೋಕೆ ಅವನಿಗೆ ನಾಚಿಕೆ ಇರಲಿಲ್ಲ. ಇದು ಮುಂದೆ ಕೆರೆ ವಿಷಯದಲ್ಲೂ ಬರುತ್ತೆ.

ನೀರಿನ ಕೆಲಸ ರಾಯ ಹೊಸದಾಗಿ ಶುರು ಮಾಡಿದ್ದಲ್ಲ. ಅವನಿಗಿಂತ ನೂರೈವತ್ತು ವರ್ಷ ಮುಂಚೆ, 1369ರಲ್ಲಿ, ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ಕೆರೆ ಕಟ್ಟಿಸಿ ಅಲ್ಲಿ ಶಾಸನ ಹಾಕಿಸಿದ್ದ. ಒಳ್ಳೇ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆ ಕೆಡಿಸೋ ಆರು ದೋಷ ಅದರಲ್ಲಿ ಪಟ್ಟಿಯಾಗಿವೆ. ಗಟ್ಟಿ ಜೇಡಿಮಣ್ಣಿನ ನೆಲ ಬೇಕು, ಏರಿ ತುಂಬಾ ಉದ್ದ ಇರಬಾರದು, ಹತ್ತಿರದಲ್ಲೇ ಕಲ್ಲಿನ ಗಣಿ ಇರಬೇಕು, ಕೆಲಸ ಬಲ್ಲ ಜನ ಬೇಕು. ಏರಿ ಜಿನುಗಿದರೆ ದೋಷ, ಮಣ್ಣು ಉಪ್ಪಾದರೆ ದೋಷ, ನೀರು ಕಮ್ಮಿ ಹೊಲ ಜಾಸ್ತಿ ಆದರೆ ದೋಷ, ಹೊಲ ಕಮ್ಮಿ ನೀರು ಜಾಸ್ತಿ ಆದರೂ ದೋಷ. ಇನ್ನೊಂದು ದೋಷ ಓದಿ ನಮಗೆ ನಗು ಬಂತು: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟಬಾರದು. ನೀರಿಗಾಗಿ ರಾಜ್ಯ ರಾಜ್ಯಗಳೇ ಕೋರ್ಟಿಗೆ ಹೋಗೋ ಕಾಲದವರು ನಾವು! ಆ ಕೆರೆಗೆ ದಿನಕ್ಕೆ ಸಾವಿರ ಜನ, ಕಲ್ಲು ಸಾಗಿಸೋಕೆ ನೂರು ಬಂಡಿ, ಎರಡು ವರ್ಷ ಕೆಲಸ ಅಂತಲೂ ಲೆಕ್ಕ ಇದೆ. 1388ರ ಇನ್ನೊಂದು ಶಾಸನ ಪೆನ್ನೆ ನದಿಯಿಂದ ಪೆನುಗೊಂಡೆ ಕಡೆಗೆ ಕಾಲುವೆ ತಂದ ಸಿಂಗಾಯಭಟ್ಟನನ್ನ ಜಲಸೂತ್ರ ಬಲ್ಲವನು ಅಂತ ಹೊಗಳುತ್ತೆ. ಅಂದ್ರೆ ಹೈಡ್ರಾಲಿಕ್ಸ್ ಓದಿದವರಿಗೆ ಆ ಕಾಲದಲ್ಲೇ ಹೆಸರು, ಮರ್ಯಾದೆ ಎರಡೂ ಇತ್ತು.

ರಾಯ ಈ ಪರಂಪರೆ ಮುಂದುವರಿಸಿದ. 1521ರಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಅಣೆಕಟ್ಟೆ ಹಾಕಿ ಬಸವಣ್ಣ ಕಾಲುವೆ ತೆಗೆಸಿದ. ಈ ಅಣೆಕಟ್ಟೆಗಳು ನಮ್ಮ ಕಣ್ಣಿಗೆ ಅಷ್ಟೇನೂ ದೊಡ್ಡದಾಗಿ ಕಾಣಲ್ಲ. ನದಿಯಲ್ಲಿರೋ ಬಂಡೆ, ನಡುಗಡ್ಡೆಗಳನ್ನೇ ಆಧಾರ ಮಾಡಿಕೊಂಡು ನಡುವಿನ ಸಂದುಗಳನ್ನ ಕಲ್ಲಿನಿಂದ ಮುಚ್ಚಿದ ತಗ್ಗು ಗೋಡೆಗಳು. ಪ್ರವಾಹ ಬಂದರೆ ಮೇಲಿಂದ ಹರಿದು ಹೋಗುತ್ತೆ, ಬೇಕಾದಷ್ಟು ನೀರು ಮಾತ್ರ ಕಾಲುವೆಗೆ ತಿರುಗುತ್ತೆ. ಆಮೇಲೆ ಇಳಿಜಾರೇ ಎಲ್ಲಾ ಕೆಲಸ ಮಾಡುತ್ತೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ, ಕಂಪ್ಲಿ ಕಾಲುವೆ, ರಾಮಸಾಗರ ಕಾಲುವೆ, ಎಲ್ಲಾ ಇದೇ ಕುಟುಂಬದವು.

ಇಷ್ಟೆಲ್ಲಾ ಗೊತ್ತಿದ್ದೂ ದೊಡ್ಡ ಕೆರೆ ಅವನಿಗೆ ಕೈ ಕೊಟ್ಟಿತು. ರಾಜಧಾನಿಯ ಪಕ್ಕ ಅವನು ನಾಗಲಾಪುರ ಅಂತ ಹೊಸ ಊರು ಕಟ್ಟಿಸ್ತಿದ್ದ, ಅದೇ ಇವತ್ತಿನ ಹೊಸಪೇಟೆ. ಹೆಸರು ತಾಯಿಯದು ಅಂತ ಹೇಳೋದು ರೂಢಿ. ಊರಿಗೆ ನೀರು ಬೇಕು ಅಂತ ಎರಡು ಗುಡ್ಡಗಳ ಬಾಯಿಗೆ ಅಡ್ಡಲಾಗಿ ಏರಿ ಶುರುವಾಯ್ತು. ಪಾಯೆಸ್ ನೋಡಿದಾಗ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ನೆಲ ಕಾಣದಷ್ಟು ತುಂಬಿದ್ದರಂತೆ. ಕೆಲಸವನ್ನ ಭಾಗ ಮಾಡಿ ಒಬ್ಬೊಬ್ಬ ದಳವಾಯಿಗೆ ಒಂದೊಂದು ಭಾಗ ವಹಿಸಿದ್ದ. ಹೀಗಿದ್ದೂ ಏರಿ ಎರಡು ಮೂರು ಸಲ ಒಡೀತು. ಕಣಿವೆಗೆ ದೊಡ್ಡ ದೊಡ್ಡ ಬಂಡೆ ಉರುಳಿಸಿದರು. ಹಗಲು ಹಾಕಿದ್ದು ರಾತ್ರಿ ಕುಸೀತಿತ್ತು.

ಆಗ ರಾಯ ಗೋವಾದ ಪೋರ್ಚುಗೀಸ್ ಗವರ್ನರ್ ಹತ್ತಿರ ಕಲ್ಲುಕೆಲಸದವರನ್ನ ಕೇಳಿದ. ಜೊವಾಂವ್ ದೆ ಲಾ ಪೊಂತೆ ಅನ್ನೋ ನುರಿತ ಕಲ್ಲುಕುಟಿಗ ಬಂದ. ಜಾಗ ನೋಡಿ ಇದು ಆಗದ ಕೆಲಸ ಅಂತ ಅವನಿಗೆ ಒಳಗೊಳಗೇ ಅನ್ನಿಸಿದರೂ ಮಾಡ್ತೀನಿ ಅಂತ ಒಪ್ಪಿಕೊಂಡ. ಮೊದಲು ಸುಣ್ಣ ಸಿದ್ಧ ಮಾಡಿಸಿ ಅಂತ ಕೇಳಿದ. ರಾಯ ನಕ್ಕುಬಿಟ್ಟನಂತೆ. ಕಲ್ಲಿನ ಮೇಲೆ ಕಲ್ಲು ಕೂರಿಸೋದರಲ್ಲಿ ಪಳಗಿದ ಜನಕ್ಕೆ ನಡುವೆ ಗಾರೆ ಯಾಕೆ ಅನ್ನಿಸಿರಬೇಕು. ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಇವತ್ತು ಮಣ್ಣಿನ ಅಣೆಕಟ್ಟಿನ ಪಾಠದಲ್ಲಿ ನಮಗೆ ಹೇಳೋದು ಇಷ್ಟು: ಬರೀ ಭಾರ ಸುರಿದರೆ ನೀರು ನಿಲ್ಲಲ್ಲ. ಕಲ್ಲಿನ ಸಂದಿಯಲ್ಲಿ ನೀರು ದಾರಿ ಮಾಡಿಕೊಳ್ಳುತ್ತೆ, ಜೊತೆಗೆ ಸಣ್ಣ ಮಣ್ಣನ್ನ ಎಳಕೊಂಡು ಹೋಗುತ್ತೆ, ಒಳಗೇ ಕೊಳವೆ ಥರ ಟೊಳ್ಳಾಗಿ ಕೊನೆಗೆ ಏರಿ ಕೂರುತ್ತೆ. ಪೋರುಮಾಮಿಳ್ಳದ ಶಾಸನ ಜಿನುಗೋ ಏರಿಯನ್ನ ದೋಷ ಅಂದಿತ್ತು. ಗೊತ್ತಿದ್ದ ವಿದ್ಯೆಯೂ ಅವಸರದಲ್ಲಿ ಮರೆತು ಹೋಗುತ್ತೆ.

ಮುಂದಿನದು ಬರೆಯೋಕೆ ನಮಗೆ ಇಷ್ಟ ಇಲ್ಲ, ಆದರೆ ಬಿಡೋ ಹಾಗೂ ಇಲ್ಲ. ರಾಯ ಬಲ್ಲವರನ್ನ ಕೇಳಿದ. ದೇವರು ರಕ್ತ ಕೇಳ್ತಿದ್ದಾನೆ ಅಂದರು. ಅರವತ್ತು ಮನುಷ್ಯರು, ಜೊತೆಗೆ ಕುದುರೆ, ಕೋಣಗಳ ತಲೆ ಕಡಿಸಿದ ಅಂತ ಪಾಯೆಸ್ ಬರೀತಾನೆ. ಸತ್ತವರು ಮರಣದಂಡನೆಗೆ ಅರ್ಹರಾಗಿದ್ದ ಕೈದಿಗಳು ಅಂತ ನೂನಿಜ್ ಹೇಳ್ತಾನೆ. ಬರೆದವರಿಬ್ಬರೂ ಹೊರಗಿನವರು, ಒಂದಿಷ್ಟು ಉತ್ಪ್ರೇಕ್ಷೆ ಇರಬಹುದು ಅಂತ ತಳ್ಳಿಹಾಕಬಹುದು. ಆದರೆ ನಮ್ಮದೇ ಜನಪದರು ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನ ಶತಮಾನಗಳಿಂದ ಹಾಡ್ತಾ ಬಂದಿದ್ದಾರೆ. ಡಿಸೈನ್ ಸೋತಾಗ ಅದರ ಬೆಲೆ ತೆರೋರು ಯಾರು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೊಸೆ, ಕೈದಿ, ಕೂಲಿ. ಡಿಸೈನ್ ಮಾಡಿದವರು ಆ ಪಟ್ಟಿಯಲ್ಲಿ ಯಾವತ್ತೂ ಇರಲ್ಲ.

ಕೊನೆಗೂ ಏರಿ ನಿಂತಿತು. ಅಗಲ ಒಂದು ಬಾಣದ ಹೊಡೆತದಷ್ಟು, ಕೆಳಗೆ ನೀರು ಬಿಡೋಕೆ ತೂಬು, ಬೇಡವಾದಾಗ ಮುಚ್ಚೋಕೆ ವ್ಯವಸ್ಥೆ. ಕೆರೆಯ ಕಾಲುವೆಗಳಿಂದ ಭತ್ತದ ಗದ್ದೆ, ತೋಟ ಎದ್ದವು. ಇಷ್ಟು ಬರೀ ಸಿವಿಲ್ ಕೆಲಸ. ನಮಗೆ ನಿಜವಾದ ಇನ್ನೋವೇಶನ್ ಅನ್ನಿಸಿದ್ದು ಇದಾದ ಮೇಲೆ ರಾಯ ಮಾಡಿದ್ದು. ಆ ನೀರು ಹರಿಯೋ ಜಮೀನನ್ನ ರೈತರಿಗೆ ಒಂಬತ್ತು ವರ್ಷ ತೆರಿಗೆ ಇಲ್ಲದೆ ಬಿಟ್ಟ. ಒಣ ನೆಲವನ್ನ ಗದ್ದೆ ಮಾಡೋದು ಒಂದು ವರ್ಷದ ಮಾತಲ್ಲ: ಸಮ ಮಾಡಬೇಕು, ಬದು ಹಾಕಬೇಕು, ಗಿಡ ಫಲಕ್ಕೆ ಬರಬೇಕು. ಮೊದಲ ದಿನದಿಂದಲೇ ಕಂದಾಯ ಕೇಳಿದರೆ ರೈತ ಬರೋದೇ ಇಲ್ಲ, ಕೆರೆ ತುಂಬಿದ್ರೂ ಹೊಲ ಖಾಲಿ. ನೂನಿಜ್ ಬರೆಯೋ ಹೊತ್ತಿಗೆ ಅಲ್ಲಿಂದ ವರ್ಷಕ್ಕೆ 20,000 ಪರ್ದಾವ್, ಅಂದ್ರೆ ವರಹ, ಬರ್ತಿತ್ತಂತೆ. ಕಾದಿದ್ದಕ್ಕೆ ಬಂದ ಲಾಭ ಅದು.

ಇದು ಆಕಸ್ಮಿಕ ಅಲ್ಲ. ರಾಯ ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದದಲ್ಲಿ ರಾಜನೀತಿಯ ಭಾಗ ಒಂದಿದೆ. ರಾಜ್ಯ ಚಿಕ್ಕದಾದರೂ ಕೆರೆ ಕಾಲುವೆ ತೋಡಿಸಿ ಬಡ ರೈತನ ತೆರಿಗೆ ಇಳಿಸಿದರೆ ಸಂಪತ್ತು ಬೆಳೆಯುತ್ತೆ ಅನ್ನೋ ಅರ್ಥದ ಮಾತು ಅಲ್ಲಿ ಬರುತ್ತೆ. ಕೆರೆ ನೋಡಿಕೊಳ್ಳೋಕೂ ಆ ಕಾಲದಲ್ಲಿ ವ್ಯವಸ್ಥೆ ಇತ್ತು. ಕೆರೆ ಕಟ್ಟಿದವರಿಗೆ, ರಿಪೇರಿ ಮಾಡೋರಿಗೆ ಕೊಡಗಿ ಭೂಮಿ, ಹೂಳು ಎತ್ತೋ ಬಂಡಿಗೆ ದತ್ತಿ, ಗದ್ದೆಗದ್ದೆಗೆ ನೀರು ಬಿಡೋಕೆ ನೀರುಗಂಟಿ. ಮೆಂಟೆನೆನ್ಸ್ ಅನ್ನೋದು ಡಿಸೈನಿನ ಒಳಗೇ ಇತ್ತು.

ರಾಯನ ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ಮಗ ತಿರುಮಲ ಚಿಕ್ಕ ವಯಸ್ಸಲ್ಲೇ 1524ರ ಹೊತ್ತಿಗೆ ತೀರಿಕೊಂಡ. ವಿಷ ಹಾಕಿಸಿದ್ದು ತಿಮ್ಮರಸುವಿನ ಕಡೆಯವರು ಅಂತ ರಾಯ ನಂಬಿದ. ಯಾರು ತನ್ನ ಕಣ್ಣು ಉಳಿಸಿದ್ದ ಅಂತ ಕಥೆ ಹೇಳುತ್ತೋ ಅದೇ ಅಪ್ಪಾಜಿಯ ಕಣ್ಣು ಕೀಳಿಸಿದ. 1529ರಲ್ಲಿ ತಾನೂ ಹೋದ, ತಮ್ಮ ಅಚ್ಯುತರಾಯ ಪಟ್ಟಕ್ಕೆ ಬಂದ. 1565ರ ಯುದ್ಧದ ಮೇಲೆ ರಾಜಧಾನಿಯೇ ಹಾಳಾಯ್ತು.

ಕಾಲುವೆಗಳು ಹಾಳಾಗಲಿಲ್ಲ. ಅರಮನೆ ಬರೀ ಅಡಿಪಾಯ ಆಗಿದ್ರೂ ತುರ್ತು ಕಾಲುವೆ ನೀರಿಂದ ಹಂಪಿಯಲ್ಲಿ ಇವತ್ತಿಗೂ ಬಾಳೆ, ಭತ್ತ ಬೆಳೀತಾರೆ. 1953ರಲ್ಲಿ ತುಂಗಭದ್ರಾ ಡ್ಯಾಂ ಬಂದಾಗ ಕೆಲವು ಹಳೇ ಅಣೆಕಟ್ಟೆಗಳು ಮುಳುಗಿದವು, ಆದರೆ ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ಡ್ಯಾಮಿನಿಂದಲೇ ನೀರು ಕೊಟ್ಟರು. ಅಷ್ಟು ಜನರ ಬೆವರು, ರಕ್ತ ಸುರಿದ ನಾಗಲಾಪುರದ ಕೆರೆ ಮಾತ್ರ ರಾಯರಕೆರೆ ಅನ್ನೋ ಹೆಸರಲ್ಲಿ ಬತ್ತಿ ಕೂತಿದೆ. ನೆಲದ ಜೊತೆ ಹೊಂದಿಕೊಂಡು ಕಟ್ಟಿದ ತಗ್ಗು ಗೋಡೆಗಳು ಐನೂರು ವರ್ಷ ಬಾಳಿದವು, ನೆಲವನ್ನ ಗೆಲ್ಲೋಕೆ ಹೋದ ಏರಿ ಖಾಲಿ ಕೆರೆ ಕಾಯ್ತಿದೆ.

ಇದು ಹಳೇ ಕಥೆ ಅಂತ ಪಕ್ಕಕ್ಕಿಡೋ ಹಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋಯ್ತು. ಒತ್ತಡ ಇಳಿಸೋಕೆ ಮಿಕ್ಕ ಗೇಟುಗಳನ್ನೂ ತೆರೀಬೇಕಾಯ್ತು, ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ಉಳಿಸಿದರು. ಡ್ಯಾಂ ಶುರುವಾದಾಗ 130 ಟಿಎಂಸಿಗೂ ಹೆಚ್ಚು ಹಿಡೀತಿತ್ತು, ಹೂಳು ತುಂಬಿ ಈಗ ಸುಮಾರು 105. ಅತ್ತ ಸಂಡೂರಿನಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿ, ಮತ್ತೆ ಶುರು ಮಾಡೋ ಮುಂಚೆ ಗಣಿ ಮಣ್ಣು ಹಳ್ಳಕ್ಕೆ ಇಳಿಯದ ಹಾಗೆ ತಡೆಗೋಡೆ, ಚೆಕ್‌ಡ್ಯಾಂ ಇರೋ ಪುನಶ್ಚೇತನ ಯೋಜನೆ ಕೇಳಿತು. ಆ ಬೆಟ್ಟಗಳ ನೀರೇ ನಾರಿಹಳ್ಳ ಆಗಿ ದರೋಜಿ ಕೆರೆಗೆ ಬರೋದು. ಮೇಲೆ ತಪ್ಪಾದರೆ ಕೆಳಗಿನ ರೈತನಿಗೆ ಗೊತ್ತಾಗುತ್ತೆ.

ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಕಾಸ್ಟ್, ಮೆಟೀರಿಯಲ್, ಟೆಸ್ಟ್ ರಿಸಲ್ಟ್ ಎಲ್ಲಾ ಇರುತ್ತೆ. ಈ ಸೆಮಿಸ್ಟರ್ ಇನ್ನೂ ಮೂರು ಸಾಲು ಸೇರಿಸೋಣ ಅಂತ ನಮ್ಮ ಕನ್ನಡ ಸಂಘದ ಸಿವಿಲ್, ಮೆಕ್ಯಾನಿಕಲ್ ಗೆಳೆಯರೆಲ್ಲ ಮಾತಾಡಿಕೊಂಡಿದ್ದೀವಿ. ಇದನ್ನ ಹತ್ತು ವರ್ಷ ಆದ ಮೇಲೆ ನೋಡಿಕೊಳ್ಳೋರು ಯಾರು? ಫಲ ಬರೋವರೆಗೆ ಬಳಸೋರು ಬದುಕೋದು ಹೇಗೆ? ಒಡೆದರೆ ಸಾಯೋರು ಯಾರು? ರಾಯ ಮೊದಲ ಎರಡಕ್ಕೆ ಒಳ್ಳೇ ಉತ್ತರ ಕೊಟ್ಟ, ಮೂರನೇದರಲ್ಲಿ ಸೋತ. ಅವನಿಗಿಂತ ಐನೂರು ವರ್ಷ ಹೆಚ್ಚು ಓದಿದ ನಾವು ಮೂರನ್ನೂ ಬರೀಬೇಕು.