ಬಿಯರ್ ಕಂಪನಿಯ 'ಸ್ಟೂಡೆಂಟ್'

ಪರೀಕ್ಷೆಗೆ 'ಸ್ಟೂಡೆಂಟ್ಸ್ ಟಿ-ಟೆಸ್ಟ್' ಓದುವಾಗ, ಈ ಸ್ಟೂಡೆಂಟ್ ಯಾರಪ್ಪಾ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಅವರು ವಿದ್ಯಾರ್ಥಿಯಲ್ಲ, ಬಿಯರ್ ತಯಾರಿಸುತ್ತಿದ್ದ ವಿಲಿಯಂ ಸೀಲಿ ಗಾಸೆಟ್.

1876ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಹುಟ್ಟಿದ ಗಾಸೆಟ್, ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿ 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಕಂಪನಿ ಸೇರಿದರು. ಬಿಯರ್‌ನ ರುಚಿ ನಿಂತಿರೋದು ಬಾರ್ಲಿ, ಹಾಪ್ಸ್ ಮೇಲೆ. ಅವು ಹೊಲದಿಂದ ಹೊಲಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗ್ತವೆ. ಹೊಸ ಬಾರ್ಲಿ ತಳಿ ನಿಜವಾಗ್ಲೂ ಒಳ್ಳೇದಾ, ಇಲ್ಲ ಈ ಸಲದ ಅದೃಷ್ಟವಾ? ಹೇಳೋಕೆ ಕೈಯಲ್ಲಿದ್ದದ್ದು ಬೆರಳೆಣಿಕೆಯ ಸ್ಯಾಂಪಲ್. ಆಗಿನ ಸೂತ್ರಗಳಿಗೋ ದೊಡ್ಡ ಸ್ಯಾಂಪಲ್ಲೇ ಬೇಕಿತ್ತು.

1906ರಲ್ಲಿ ಗಾಸೆಟ್ ಲಂಡನ್ನಿಗೆ ಹೋಗಿ ಕಾರ್ಲ್ ಪಿಯರ್ಸನ್ ಬಳಿ ಕಲಿತರು. 3000 ಅಪರಾಧಿಗಳ ಎತ್ತರ, ಬೆರಳಿನ ಉದ್ದವನ್ನು ಕಾರ್ಡ್‌ಗಳಲ್ಲಿ ಬರೆದು, ಕಲಸಿ, ನಾಲ್ಕು ನಾಲ್ಕರ ಗುಂಪು ಮಾಡಿ ತಮ್ಮ ಲೆಕ್ಕವನ್ನು ಪರೀಕ್ಷಿಸಿದರು. ಕಂಪ್ಯೂಟರ್ ಇಲ್ಲದ ಕಾಲದ ಸಿಮ್ಯುಲೇಷನ್ ಅದು! 1908ರಲ್ಲಿ 'ಬಯೊಮೆಟ್ರಿಕಾ' ಪತ್ರಿಕೆಯಲ್ಲಿ ಲೇಖನ ಬಂತು. ಕಂಪನಿಯ ಗುಟ್ಟು ಹೊರಹೋಗಬಾರದೆಂದು ಸ್ವಂತ ಹೆಸರು ಹಾಕುವಂತಿರಲಿಲ್ಲ. 'ಸ್ಟೂಡೆಂಟ್' ಅಂತ ಹಾಕಿದರು. ಅದಕ್ಕೆ ಇಂದಿನ ಟಿ ರೂಪ ಬಂದದ್ದು ಆಮೇಲೆ, ಫಿಶರ್ ಅವರ ಜೊತೆ ನಡೆದ ಪತ್ರವ್ಯವಹಾರದಿಂದ.

1937ರಲ್ಲಿ ತೀರಿಕೊಳ್ಳುವವರೆಗೂ ಗಾಸೆಟ್ ಗಿನ್ನೆಸ್‌ನಲ್ಲೇ ಇದ್ದರು.

ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿ ಯೀಸ್ಟ್ ಬದಲಿಸಿದಾಗ ಒಂದು ಸಲ ರುಚಿ ಚೆನ್ನಾಗಿ ಬಂದರೆ, ಅದು ಯೀಸ್ಟ್‌ನಿಂದಲೇ ಅಂತ ಹೇಳೋಕಾಗಲ್ಲ. ಲ್ಯಾಬ್‌ನಲ್ಲಿ ಮೂರೇ ರೀಡಿಂಗ್ ತಗೊಂಡು ರಿಸಲ್ಟ್ ಬರೆಯೋ ನಮಗೂ ಅಷ್ಟೇ. ಡೇಟಾ ಕಡಿಮೆ ಇದ್ದರೆ ಪರವಾಗಿಲ್ಲ. ಅನುಮಾನ ಎಷ್ಟಿದೆ ಅನ್ನೋದನ್ನೂ ಲೆಕ್ಕ ಹಾಕಿ ಹೇಳಬೇಕು. ಗಾಸೆಟ್ ಕಲಿಸಿದ್ದು ಅದನ್ನೇ.