ಡಾ. ಗ್ರೇಸ್ ಹಾಪರ್ (1906-1992)

ಗಣಕಯಂತ್ರಕ್ಕೆ ಸಾಮಾನ್ಯ ಭಾಷೆಯಲ್ಲಿ ಆದೇಶ ನೀಡುವ ಕ್ರಮವನ್ನು ರೂಪಿಸಿದವರಲ್ಲಿ ಅಗ್ರಗಣ್ಯರಾದ ಡಾ. ಗ್ರೇಸ್ ಹಾಪರ್ ಅವರು ದಿನಾಂಕ 9-12-1906ರಂದು ಅಮೆರಿಕಾದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಲ್ಯಾಟಿನ್ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಕಾರಣ ಒಂದು ವರ್ಷ ಕಾದು, ಅಂದು ಮಹಿಳೆಯರಿಗಷ್ಟೇ ಪ್ರವೇಶವಿದ್ದ ವ್ಯಾಸರ್ ಕಾಲೇಜನ್ನು ಸೇರಿ 1928ರಲ್ಲಿ ಪದವಿ ಪಡೆದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯವು ಅವರಿಗೆ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ನೀಡಿತು.

ವ್ಯಾಸರ್ ಕಾಲೇಜಿನಲ್ಲಿಯೇ ಅಧ್ಯಾಪಕಿಯಾದ ಅವರು ಸಂಭವನೀಯತೆಯ ತರಗತಿಯಲ್ಲಿ ಗಣಿತ ಸೂತ್ರವೊಂದರ ಬಗ್ಗೆ ಪ್ರಬಂಧ ಬರೆಯಿಸಿ, ಭಾಷೆಯ ಸ್ಪಷ್ಟತೆಗೂ ಬೆಲೆ ಕಟ್ಟುತ್ತಿದ್ದರು. ತಾವು ಸೇರಿರುವುದು ಗಣಿತದ ತರಗತಿಗೆ, ಇಂಗ್ಲಿಷ್ ತರಗತಿಗಲ್ಲ ಎಂದು ವಿದ್ಯಾರ್ಥಿನಿಯರು ಆಕ್ಷೇಪಿಸಿದರು. ಇತರರಿಗೆ ತಿಳಿಸಲು ಬಾರದ ಗಣಿತದಿಂದ ಪ್ರಯೋಜನವಿಲ್ಲವೆಂಬುದು ಅವರ ನಿಲುವಾಗಿತ್ತು. ಅವರ ಮುಂದಿನ ಕಾರ್ಯದ ಬೀಜ ಇಲ್ಲಿಯೇ ಇದೆ ಎನ್ನಬಹುದು.

ಎರಡನೇ ಮಹಾಯುದ್ಧದ ಸಮಯದಲ್ಲಿ ನೌಕಾಪಡೆಗೆ ಸೇರಬಯಸಿದಾಗ ಅವರ ತೂಕ ನಿಗದಿತ ಪ್ರಮಾಣಕ್ಕಿಂತ ಕಡಿಮೆಯಿತ್ತು. ವಿನಾಯಿತಿ ಪಡೆದು ಸೇರಿದ ಅವರನ್ನು 1944ರಲ್ಲಿ ಹಾರ್ವರ್ಡ್‌ನ ಮಾರ್ಕ್-1 ಗಣಕಯಂತ್ರದ ಕಾರ್ಯಕ್ಕೆ ನಿಯೋಜಿಸಲಾಯಿತು. ಯುದ್ಧಾನಂತರ ಅಲ್ಲಿ ಮಹಿಳೆಯರಿಗೆ ಖಾಯಂ ಹುದ್ದೆ ಇರಲಿಲ್ಲವಾದ್ದರಿಂದ 1949ರಲ್ಲಿ ಖಾಸಗಿ ಸಂಸ್ಥೆಯನ್ನು ಸೇರಿದರು.

ಆ ಕಾಲದಲ್ಲಿ ಗಣಕಯಂತ್ರಕ್ಕೆ ಸಂಕೇತ ಮತ್ತು ಅಂಕಿಗಳಲ್ಲಿಯೇ ಆದೇಶ ನೀಡಬೇಕಿತ್ತು. ಮೊದಲೇ ಬರೆದಿಟ್ಟ ಆದೇಶಗಳನ್ನು ಯಂತ್ರವೇ ಜೋಡಿಸಿಕೊಳ್ಳುವ ಎ-0 ಎಂಬ ಕ್ರಮವಿಧಿಯನ್ನು ಅವರು 1952ರಲ್ಲಿ ಸಿದ್ಧಪಡಿಸಿದರು. ತದನಂತರ ಇಂಗ್ಲಿಷ್ ಪದಗಳಲ್ಲಿಯೇ ಆದೇಶ ಬರೆಯಬಹುದಾದ ಫ್ಲೋ-ಮ್ಯಾಟಿಕ್ ಭಾಷೆ ಬಂದಿತು. ಲೆಕ್ಕಪತ್ರ, ವೇತನಪಟ್ಟಿ ಮುಂತಾದ ವಾಣಿಜ್ಯ ಕೆಲಸಗಳಿಗಾಗಿ 1959ರಲ್ಲಿ ಆರಂಭಗೊಂಡ ಕೋಬಾಲ್ ಭಾಷೆಗೆ ಇದೇ ಮುಖ್ಯ ಆಧಾರ. ಉನ್ನತ ಗಣಿತ ಬಲ್ಲವರಿಗೆ ಮಾತ್ರ ತೆರೆದಿದ್ದ ಬಾಗಿಲು ಹೀಗೆ ಗುಮಾಸ್ತರಿಗೂ ಲೆಕ್ಕಿಗರಿಗೂ ತೆರೆಯಿತು.

1969ರಲ್ಲಿ ದತ್ತಾಂಶ ಸಂಸ್ಕರಣೆ ವ್ಯವಸ್ಥಾಪಕರ ಸಂಘವು ಗಣಕ ವಿಜ್ಞಾನದ 'ವರ್ಷದ ಪುರುಷ' ಎಂಬ ಪ್ರಶಸ್ತಿಯನ್ನು ಪ್ರಥಮ ಬಾರಿಗೆ ನೀಡಿದಾಗ ಅದಕ್ಕೆ ಪಾತ್ರರಾದವರು ಡಾ. ಹಾಪರ್ ಅವರೇ! ಪ್ರಶಸ್ತಿಗೆ ಹೆಸರಿಡುವಾಗ ಮಹಿಳೆಯೊಬ್ಬರು ಅದನ್ನು ಪಡೆಯಬಹುದೆಂದು ಯಾರಿಗೂ ಹೊಳೆದಿರಲಿಲ್ಲವೆಂದು ತೋರುತ್ತದೆ.

ನ್ಯಾನೋಸೆಕೆಂಡ್ ಎಂದರೇನೆಂದು ವಿವರಿಸಲು, ಅಷ್ಟು ಸಮಯದಲ್ಲಿ ಬೆಳಕು ಕ್ರಮಿಸುವ ದೂರದಷ್ಟು, ಅಂದರೆ ಸುಮಾರು 30 ಸೆಂ.ಮೀ. ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. 1986ರಲ್ಲಿ ತಮ್ಮ 79ನೇ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾಗಿ, ದಿನಾಂಕ 1-1-1992ರಂದು ನಿಧನರಾದರು.

ಅಮೆರಿಕಾದಲ್ಲಿ 1984-85ರಲ್ಲಿ ಗಣಕ ವಿಜ್ಞಾನದ ಸ್ನಾತಕ ಪದವಿ ಪಡೆದವರ ಪೈಕಿ ಶೇ. 37ರಷ್ಟು ಮಹಿಳೆಯರಿದ್ದರು. 2010ರ ವೇಳೆಗೆ ಈ ಪ್ರಮಾಣ ಶೇ. 20ಕ್ಕಿಂತ ಕೆಳಗಿಳಿದಿತ್ತು. ಮನೆಬಳಕೆಯ ಗಣಕಯಂತ್ರಗಳನ್ನು ಗಂಡುಮಕ್ಕಳ ಆಟಿಕೆಯೆಂಬಂತೆ ಮಾರಾಟ ಮಾಡಿದ್ದು, ಮನೆಯಲ್ಲಿಯೇ ಅಭ್ಯಾಸವಾದವರನ್ನು ಗಮನದಲ್ಲಿರಿಸಿ ಕಾಲೇಜುಗಳಲ್ಲಿ ಪಾಠ ನಡೆದದ್ದು ಇದಕ್ಕೆ ಕಾರಣಗಳೆಂದು ಅಧ್ಯಯನಕಾರರು ಗುರುತಿಸಿದ್ದಾರೆ.

1969ರವರೆಗೆ ಸ್ನಾತಕ ತರಗತಿಗಳಿಗೆ ಮಹಿಳೆಯರನ್ನು ಸೇರಿಸಿಕೊಳ್ಳದಿದ್ದ ಯೇಲ್ ವಿಶ್ವವಿದ್ಯಾಲಯವು 2017ರಲ್ಲಿ ತನ್ನ ವಸತಿ ಕಾಲೇಜೊಂದಕ್ಕೆ ಗ್ರೇಸ್ ಹಾಪರ್ ಅವರ ಹೆಸರನ್ನಿಟ್ಟಿತು.